‘ನಾನೇನೂ ಪ್ರಾಮಿಸ್ ಮಾಡಿರಲಿಲ್ಲವಲ್ಲ’ ಅಂದ. ಮಾಡಿರಲಿಲ್ಲ, ನಿಜ. ಮತ್ತೆ ನನಗ್ಯಾಕೆ ಇಷ್ಟು ಸಿಟ್ಟು?

ತೆಂಗಿನತೋಟ:

ಮೊದಲೇ ಹೇಳಿಬಿಡುತ್ತೇನೆ, ಇದು ಅಳುವ ಪೋಸ್ಟ್ ಅಲ್ಲ. ಅತ್ತು ಮುಗಿಸಿ ಹದಿನೈದು ದಿನ ಆಯಿತು. ಈಗ ಉಳಿದಿರುವುದು ಸಿಟ್ಟು. ಅದು ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ 21. ಬಿಕಾಂ ಕೊನೇ ವರ್ಷ. ಊರು ತಿಪಟೂರಿನ ಹತ್ತಿರ, ಇರುವುದು ವಿಜಯನಗರದ ಒಂದು ಪಿಜಿಯಲ್ಲಿ. ಅವನಿಗೆ 22, ಬೇರೆ ಕಾಲೇಜು, ಇಂಜಿನಿಯರಿಂಗ್. ಗಣೇಶನ ಹಬ್ಬ ಮುಗಿಸಿಕೊಂಡು ಊರಿಂದ ಬಂದ ವಾರ ಡೇಟಿಂಗ್ ಆ್ಯಪ್‌ನಲ್ಲಿ ಮ್ಯಾಚ್ ಆಯಿತು. ‘ಏನು ಹುಡುಕುತ್ತಿದ್ದೀರಿ’ ಅನ್ನುವ ಕಡೆ ಅವನು ‘ಇನ್ನೂ ಗೊತ್ತಿಲ್ಲ’ ಅಂತ ಹಾಕಿದ್ದ. ನಾನೂ ಅದನ್ನೇ ಹಾಕಿದ್ದೆ. ಎಲ್ಲರೂ ಅದನ್ನೇ ಹಾಕುತ್ತಾರೆ, ಅಲ್ವಾ? ಸೀರಿಯಸ್ ಅಂತ ಹಾಕಿದರೆ ಗಂಡು ನೋಡುವುದಕ್ಕೆ ಬಂದ ಹಾಗೆ ಕಾಣುತ್ತದೆ. ಹುಡುಗಿಯಾದವಳು ಟೈಂಪಾಸ್ ಅಂತ ಹಾಕಿದರೆ ಆಮೇಲೆ ಬರುವ ಮೆಸೇಜ್ ಓದುವ ಹಾಗಿರುವುದಿಲ್ಲ.

ಆಮೇಲೆ ನಾಲ್ಕು ತಿಂಗಳು ಪ್ರತಿ ಶನಿವಾರ ಸಿಗುತ್ತಿದ್ದೆವು. ಮೊದಮೊದಲು ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟ್. ಆಮೇಲೆ ಅವನೂ ಅವನ ಇಬ್ಬರು ಫ್ರೆಂಡ್ಸೂ ಬಾಡಿಗೆಗಿರುವ ಮನೆ. ಇಬ್ಬರೂ ಒಪ್ಪಿಯೇ ಹತ್ತಿರವಾಗಿದ್ದು. ಅದರ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ, ದಯವಿಟ್ಟು ಆ ಪಾಠ ಬೇಡ.

ಅವನ ಬೈಕಿಗೆ ಎರಡನೇ ಹೆಲ್ಮೆಟ್ ಒಂದು ನೇತಾಡುತ್ತಿತ್ತು. ಕಪ್ಪು ಬಣ್ಣ, ಗ್ಲಾಸಿನ ಮೇಲೆ ಉದ್ದ ಗೀರು. ನನ್ನದು ಸಣ್ಣ ಮುಖ, ಗದ್ದದ ಪಟ್ಟಿಯನ್ನು ಕೊನೇ ತನಕ ಎಳೆದು ಬಿಗಿ ಮಾಡಿದರೆ ಮಾತ್ರ ಅದು ನಿಲ್ಲುತ್ತಿತ್ತು. ಈ ಶನಿವಾರ ಬಿಗಿ ಮಾಡಿದ ಪಟ್ಟಿ ಮುಂದಿನ ಶನಿವಾರಕ್ಕೆ ಸಡಿಲ ಆಗಿರುತ್ತಿತ್ತು. ಮೊದಲ ಸಲ, ತಾನೇ ಜಾರಿರಬೇಕು ಅಂದುಕೊಂಡೆ. ಮೂರನೇ ಸಲಕ್ಕೆ ಅರ್ಥವಾಯಿತು. ಅರ್ಥವಾದರೂ ಕೇಳಲಿಲ್ಲ. ಪಟ್ಟಿ ಎಳೆದುಕೊಂಡು ಹಿಂದೆ ಕೂತೆ.

ಯಾಕೆ ಕೇಳಲಿಲ್ಲ ಅಂದರೆ, ಕೇಳಿದವಳು ಸೋತ ಹಾಗೆ. ಪಿಜಿಯಲ್ಲಿ ಎಲ್ಲರೂ ಹಾಗೇ ಅನ್ನುವುದು. ‘ಏನೇ, ಫೀಲಿಂಗ್ಸ್ ಬಂದುಬಿಟ್ಟಿತಾ?’ ಅಂತ ನಗುತ್ತಾರೆ, ಜ್ವರ ಬಂದವರನ್ನು ಕೇಳುವ ಹಾಗೆ.

ಜನವರಿಯಲ್ಲಿ ಕೊನೆಗೂ ಕೇಳಿದೆ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಇನ್ನೂ ಇಬ್ಬರ ಜೊತೆ ಓಡಾಡುತ್ತಿದ್ದನಂತೆ. ಮುಚ್ಚಿಟ್ಟಿರಲಿಲ್ಲವಂತೆ, ನಾನು ಕೇಳಿರಲಿಲ್ಲವಂತೆ. ಆಮೇಲೆ ಮೇಲಿನ ಟೈಟಲ್‌ನಲ್ಲಿರುವ ಡೈಲಾಗ್.

ಹೇಳಿ, ನಾನು ಮೋಸ ಹೋದೆನಾ ಇಲ್ಲವಾ?

ಡಬಲ್‌ರೋಡ್:

ಹೆಲ್ಮೆಟ್ ಪಟ್ಟಿಯಲ್ಲಿ ಕೇಸ್ ಬಿಡಿಸಿದ್ದೀರಿ ಮೇಡಂ, ನಿಮ್ಮನ್ನು ಸಿಐಡಿಗೆ ಸೇರಿಸಿಕೊಳ್ಳಬೇಕು. ತಮಾಷೆ ಬಿಡಿ, ಹುಡುಗ ಕಾನೂನು ಪಾಲಿಸುವವನು. 2016ರಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಮೂವರಿಗೆ ಒಂದೇ ಹೆಲ್ಮೆಟ್ ಅನ್ನುವುದು ಮಾತ್ರ ಜಿಪುಣತನ.

ಹಳೇಕಾಲದವನು:

ತಂಗಿ ಅನ್ನಲೋ ಮಗಳೇ ಅನ್ನಲೋ, ನನ್ನ ಮಗಳಿಗೂ ನಿಮ್ಮದೇ ವಯಸ್ಸು. ಪಾಠ ಬೇಡ ಅಂದಿದ್ದೀರಿ, ಸರಿ. ಆದರೆ ಒಂದು ಕೇಳುತ್ತೇನೆ. ಗೊತ್ತಿಲ್ಲದವನ ಮನೆಗೆ ಹೋಗುವಾಗ ಭಯ ಆಗಲಿಲ್ಲವಾ? ನಮ್ಮ ಕಾಲದಲ್ಲಿ ಹುಡುಗಿ ಬಸ್‌ಸ್ಟಾಪಲ್ಲಿ ನಮ್ಮ ಕಡೆ ಒಂದು ಸಲ ತಿರುಗಿ ನೋಡಿದರೆ ಅದರ ಮೇಲೆ ಆರು ತಿಂಗಳು ಬದುಕುತ್ತಿದ್ದೆವು. ಈಗ ಎಲ್ಲ ಬೇಗ ಬೇಗ. ಇದಕ್ಕೆಲ್ಲ ಫೋನು ಕೊಡಿಸಿದ್ದೇ ಕಾರಣ.

ತೆಂಗಿನತೋಟ:

ಅಂಕಲ್, ಭಯ ಆಯಿತು. ಮೊದಲ ಸಲ ಹೋದಾಗ ಲೈವ್ ಲೊಕೇಶನ್ ಫ್ರೆಂಡ್‌ಗೆ ಕಳಿಸಿ, ಅರ್ಧ ಗಂಟೆಗೊಂದು ಸಲ ಚುಕ್ಕಿ ಕಳಿಸುತ್ತೇನೆ, ಬರಲಿಲ್ಲ ಅಂದರೆ ಫೋನ್ ಮಾಡು ಅಂತ ಹೇಳಿ ಹೋಗಿದ್ದೆ. ಅಷ್ಟು ಹುಷಾರಾಗಿದ್ದೆ. ಆ ಹುಷಾರುತನ ಜೀವಕ್ಕೆ ಸಾಕು, ಮನಸ್ಸಿಗೆ ಸಾಲಲಿಲ್ಲ.

ಮತ್ತೆ ನಿಮ್ಮ ಆರು ತಿಂಗಳ ಕಥೆ ಚೆನ್ನಾಗಿದೆ. ಆದರೆ ಆ ಹುಡುಗಿಗೆ ನೀವು ಆರು ತಿಂಗಳು ಅವಳ ಹಿಂದೆ ಇದ್ದಿದ್ದು ಹೇಗನ್ನಿಸಿತ್ತು ಅಂತ ಯಾವತ್ತಾದರೂ ಕೇಳಿದ್ದಿರಾ?

ಹಳೇಕಾಲದವನು:

ಇಲ್ಲ.

ಎರಡನೇಕಾಫಿ:

ನಾನು ಆ ಹುಡುಗನ ಕಡೆಯವನು. ಅಂದರೆ ಅವನ ಫ್ರೆಂಡ್ ಅಲ್ಲ, ಅವನ ಥರದವನು. ಬೈಯುವವರು ಬೈಯಿರಿ.

ಹಾಸನದಿಂದ ಬೆಂಗಳೂರಿಗೆ ಬಂದಾಗ ನನಗೆ ಹುಡುಗಿಯರ ಜೊತೆ ಮಾತಾಡುವುದಕ್ಕೂ ಬರುತ್ತಿರಲಿಲ್ಲ. ಪಿಯುಸಿಯಲ್ಲಿ ಹುಡುಗಿಯರ ಕಡೆ ಬೆಂಚಿಗೆ ಪೆನ್ನು ಬಿದ್ದರೂ ಎತ್ತಿಕೊಳ್ಳುವ ಹಾಗಿರಲಿಲ್ಲ, ಅಂಥಾ ಕಾಲೇಜು. ಇಲ್ಲಿ ಬಂದು ಒಂದು ವರ್ಷ ಆ್ಯಪ್‌ನಲ್ಲಿ ಸ್ವೈಪ್ ಮಾಡಿ ಮಾಡಿ ಹೆಬ್ಬೆರಳು ಸವೆಯಿತು, ಒಂದು ಮ್ಯಾಚ್ ಇಲ್ಲ. ಹುಡುಗರು ಈ ಭಾಗ ಯಾರಿಗೂ ಹೇಳುವುದಿಲ್ಲ. ರೂಮಲ್ಲಿ ಎಲ್ಲರೂ ದೊಡ್ಡ ಬಿಲ್ಡಪ್ ಕೊಡುತ್ತಾರೆ, ನಿನ್ನೆ ಅವಳು, ಮೊನ್ನೆ ಇವಳು ಅಂತ. ಮುಕ್ಕಾಲು ಪಾಲು ಬುರುಡೆ.

ಆಮೇಲೆ ಒಬ್ಬರು ಸಿಕ್ಕರು, ಇನ್ನೊಬ್ಬರು ಸಿಕ್ಕರು. ಒಂದು ಕೈಬಿಟ್ಟರೆ ಮತ್ತೆ ಬರಗಾಲ ಅನ್ನುವ ಹೆದರಿಕೆ, ಅದಕ್ಕೆ ಯಾರನ್ನೂ ಬಿಡಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ‘ಕೇಳಿದರೆ ಹೇಳುತ್ತೇನೆ’ ಅಂತ ಅಂದುಕೊಂಡಿದ್ದೆ, ಅದೇ ದೊಡ್ಡ ಪ್ರಾಮಾಣಿಕತೆ ಅಂತ. ಆದರೆ ಅವರು ಕೇಳುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಡಿದ ಆಟ ಅದು. ನಿಮ್ಮವನಿಗೂ ಗೊತ್ತಿತ್ತು ಅಂತಲೇ ನನ್ನ ಅನುಮಾನ. ಪ್ರಾಮಿಸ್ ಮಾಡದೆ ಇರುವುದೂ ಒಂದು ಜಾಣತನ ಮಾರಾಯ್ತಿ. ಬೈಕ್ ತಗೊಂಡು ಗೇಟ್ ತನಕ ಬಿಡುವುದು, ಜ್ವರ ಬಂದರೆ ಎಳನೀರು ತರುವುದು, ರಾತ್ರಿ ಎರಡು ಗಂಟೆ ತನಕ ಮಾತಾಡುವುದು ಎಲ್ಲ ಮಾಡಿಬಿಟ್ಟು, ಆಮೇಲೆ ಬಾಯಲ್ಲಿ ಹೇಳಿರಲಿಲ್ಲವಲ್ಲ ಅನ್ನುವುದು.

ತೆಂಗಿನತೋಟ:

ಎಳನೀರು ತಂದಿದ್ದ. ಹೇಗೆ ಗೊತ್ತು?

ಎರಡನೇಕಾಫಿ:

ಎಲ್ಲರೂ ತರುತ್ತೇವೆ.

ಓಪಿಡಿನೈಟ್‌ಡ್ಯೂಟಿ:

ನಾನು ಹೌಸ್‌ಸರ್ಜನ್, ಸರ್ಕಾರಿ ಆಸ್ಪತ್ರೆ. ಮನಸ್ಸಿನ ವಿಷಯ ಮೇಲಿನವರು ನೋಡಿಕೊಳ್ಳಲಿ, ನನಗೆ ಮೈ ವಿಷಯ ಹೇಳಬೇಕು, ಯಾಕೆಂದರೆ ಸೋಮವಾರ ಬೆಳಿಗ್ಗೆ ಹುಡುಗಿಯರು ನಮ್ಮ ಹತ್ತಿರ ಬರುವಾಗ ಮುಖ ಮುಚ್ಚಿಕೊಂಡು ‘ಹೊಟ್ಟೆನೋವು’ ಅಂತ ಬರುತ್ತಾರೆ, ಅರ್ಧ ಗಂಟೆ ಆದ ಮೇಲೆ ನಿಜ ಹೊರಗೆ ಬರುತ್ತದೆ.

ತುರ್ತು ಗರ್ಭನಿರೋಧಕ ಮಾತ್ರೆ. ಸಂಭೋಗ ಆದ 72 ಗಂಟೆಯ ಒಳಗೆ, ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಡುತ್ತಾರೆ, ಅಂಗಡಿಯವನು ಕೆಕ್ಕರಿಸಿ ನೋಡಿದರೆ ನೋಡಲಿ. ಅದು ಅಂಡ ಬಿಡುಗಡೆ ಆಗುವುದನ್ನು ಮುಂದಕ್ಕೆ ಹಾಕುತ್ತದೆ, ಅಷ್ಟೇ. ಗರ್ಭ ನಿಂತಿದ್ದರೆ ಅದನ್ನು ತೆಗೆಯುವುದಿಲ್ಲ. ನುಂಗಿ ಎರಡು ಗಂಟೆ ಒಳಗೆ ವಾಂತಿ ಆದರೆ ಮತ್ತೆ ತಗೊಳ್ಳಬೇಕು. ಮುಂದಿನ ಮುಟ್ಟು ಹಿಂದೆಮುಂದೆ ಆಗಬಹುದು, ವಾರಕ್ಕಿಂತ ಜಾಸ್ತಿ ತಡ ಆದರೆ ಟೆಸ್ಟ್ ಮಾಡಿಕೊಳ್ಳಿ. ಇದನ್ನು ಪ್ರತಿ ವಾರದ ಅಭ್ಯಾಸ ಮಾಡಿಕೊಂಡ ಒಬ್ಬಳು ಬಂದಿದ್ದಳು, ಯಾಕೆ ಅಂದರೆ ‘ಅವನಿಗೆ ಕಾಂಡೋಮ್ ಇಷ್ಟ ಇಲ್ಲ’ ಅಂದಳು. ಅವನ ಇಷ್ಟಕ್ಕೆ ಇವಳ ಹಾರ್ಮೋನು! ನನಗೆ ಅವತ್ತು ಬಂದ ಕೋಪ ಇನ್ನೂ ಇಳಿದಿಲ್ಲ. ಮಾತ್ರೆ ಗರ್ಭ ತಡೆಯಬಹುದು, ಸೋಂಕು ತಡೆಯುವುದಿಲ್ಲ.

ತೆಂಗಿನತೋಟ, ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಅವನಿಗೆ ಇನ್ನೂ ಇಬ್ಬರು ಇದ್ದರು ಅಂದರೆ ನೀವು ಒಂದು ಸಲ ಟೆಸ್ಟ್ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಲಹೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿ ಇಡುತ್ತಾರೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿದರೂ ಹೇಳುತ್ತಾರೆ. ಎಚ್‌ಪಿವಿ ಲಸಿಕೆ (ಗರ್ಭಕೊರಳಿನ ಕ್ಯಾನ್ಸರ್ ತಡೆಯುವುದು) ಬಗ್ಗೆಯೂ ಕೇಳಿ, ನಿಮ್ಮ ವಯಸ್ಸಿಗೆ ಇನ್ನೂ ತಗೊಳ್ಳಬಹುದು.

ತೆಂಗಿನತೋಟ:

ಡಾಕ್ಟ್ರೇ, ಬೇಜಾರಿಲ್ಲ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ ಅನ್ನುವುದೇ ಬೇಜಾರು. ಸೋಮವಾರ ಹೋಗುತ್ತೇನೆ. ‘ಹೊಟ್ಟೆನೋವು’ ಅನ್ನುವುದಿಲ್ಲ.

ಕರಿಕೋಟು:

ವಕೀಲಿ ಮಾಡುತ್ತೇನೆ, ಬೆಂಗಳೂರು. ಯಾರಾದರೂ ಬಂದು ‘ಕೇಸ್ ಹಾಕಿ’ ಅಂತ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 69ನೇ ಸೆಕ್ಷನ್ ಇದೆ. ನಿಭಾಯಿಸುವ ಉದ್ದೇಶವೇ ಇಲ್ಲದೆ ಮದುವೆ ಆಗುತ್ತೇನೆ ಅಂತ ನಂಬಿಸಿಯೋ, ಬೇರೆ ಮೋಸ ಮಾಡಿಯೋ ದೈಹಿಕ ಸಂಬಂಧ ಬೆಳೆಸಿದರೆ ಹತ್ತು ವರ್ಷದ ತನಕ ಶಿಕ್ಷೆ. ನಿಮ್ಮ ವಿಷಯದಲ್ಲಿ ಮದುವೆ ಮಾತೇ ಬಂದಿಲ್ಲ. ಸಂಬಂಧ ಮುರಿದು ಬೀಳುವುದಕ್ಕೂ ಮೊದಲಿಂದಲೇ ಸುಳ್ಳು ಹೇಳಿದ್ದಕ್ಕೂ ವ್ಯತ್ಯಾಸ ಇದೆ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಬೇಜಾರಾದದ್ದೆಲ್ಲ ಕೇಸ್ ಆಗುವುದಿಲ್ಲ.

ಆದರೆ ಫೋಟೊ, ವಿಡಿಯೊ ಏನಾದರೂ ಇದೆಯಾ ಅವನ ಹತ್ತಿರ? ಅದು ಬೇರೆ ವಿಷಯ. ಒಬ್ಬರ ಖಾಸಗಿ ಅಂಗದ ಚಿತ್ರ ಒಪ್ಪಿಗೆ ಇಲ್ಲದೆ ತೆಗೆದರೂ ಹಂಚಿದರೂ ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದ ತನಕ ಜೈಲು, ಇಲ್ಲ ಎರಡು ಲಕ್ಷದ ತನಕ ದಂಡ, ಇಲ್ಲ ಎರಡೂ. ತೆಗೆಯುವಾಗ ಒಪ್ಪಿದ್ದಿರಿ ಅಂದ ಮಾತ್ರಕ್ಕೆ ಹಂಚುವುದಕ್ಕೆ ಒಪ್ಪಿದ ಹಾಗಲ್ಲ. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಇನ್ನೊಂದು, ಇಲ್ಲಿ ಪಿಯು ಮಕ್ಕಳೂ ಓದುತ್ತಿರಬಹುದು. 18 ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ‘ನಾವಿಬ್ಬರೂ ಲವ್ ಮಾಡುತ್ತಿದ್ದೆವು’ ಅನ್ನುವುದನ್ನು ಕೇಳುವುದಿಲ್ಲ. ಕೋರ್ಟಿನ ಕಾರಿಡಾರಿನಲ್ಲಿ 19ರ ಹುಡುಗನೊಬ್ಬ ಅಪ್ಪನ ಪಕ್ಕ ಕೂತು ಅಳುವುದನ್ನು ನಾನು ನೋಡಿದ್ದೇನೆ, ಹುಡುಗಿಗೆ 17.

ಡಬಲ್‌ರೋಡ್:

ಸಾರ್ ಹೋಟೆಲ್ ರೂಂ ವಿಷಯ ಹೇಳಿ. ಫ್ರೆಂಡ್ ಕೇಳುತ್ತಿದ್ದಾನೆ. (ನಿಜವಾಗಿಯೂ ಫ್ರೆಂಡ್.)

ಕರಿಕೋಟು:

ಮದುವೆ ಆಗದ ಇಬ್ಬರು ವಯಸ್ಕರು ಹೋಟೆಲ್ ರೂಂ ತಗೊಳ್ಳಬಾರದು ಅಂತ ಯಾವ ಕಾನೂನೂ ಇಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಕೊಯಮತ್ತೂರಿನ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿತು. ಆದರೆ ಕೊಡುವುದಿಲ್ಲ ಅಂತ ಹೋಟೆಲಿನವನು ತನ್ನ ನಿಯಮ ಇಟ್ಟುಕೊಂಡರೆ ರಿಸೆಪ್ಶನ್‌ನಲ್ಲಿ ನಿಂತು ಹೈಕೋರ್ಟ್ ತೀರ್ಪು ಓದಿ ಪ್ರಯೋಜನ ಇಲ್ಲ. ನಿಮ್ಮ ಫ್ರೆಂಡ್‌ಗೆ ಹೇಳಿ, ಇಬ್ಬರದ್ದೂ ಐಡಿ ಇರಲಿ, ಇಬ್ಬರಿಗೂ 18 ತುಂಬಿರಲಿ.

ನೇತ್ರಾವತಿಸೇತುವೆ:

ನೀವು ಬೆಂಗಳೂರಿನವರು ಹೋಟೆಲಿನ ನಿಯಮದ ಬಗ್ಗೆ ಮಾತಾಡುತ್ತೀರಿ ಮಾರಾಯ್ರೆ. ನಾನು ಮಂಗಳೂರಿನಲ್ಲಿ ಓದಿದವಳು. 2009ರ ಜನವರಿ 24ಕ್ಕೆ ಪಬ್‌ಗೆ ನುಗ್ಗಿ ಹುಡುಗಿಯರನ್ನು ಹೊಡೆದರಲ್ಲ, ಆಗ ನಾನು ಹೈಸ್ಕೂಲು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಬರ್ತ್‌ಡೇ ಪಾರ್ಟಿ ಮಾಡುತ್ತಿದ್ದವರ ಮೇಲೆ ದಾಳಿ ಆದಾಗ ನಾನು ಕಾಲೇಜು. ಟಿವಿಯಲ್ಲಿ ಆ ವಿಡಿಯೊ ಓಡುತ್ತಿದ್ದಾಗ ಅಮ್ಮ ಊಟದ ತಟ್ಟೆ ಕೆಳಗಿಟ್ಟು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಮಾರನೇ ದಿನದಿಂದ ಕ್ಲಾಸಿನ ಹುಡುಗರ ಜೊತೆ ಐಸ್‌ಕ್ರೀಂ ತಿನ್ನುವುದಕ್ಕೂ ಹೋಗಲಿಲ್ಲ ನಾವು. ಜಾತಿ ಬೇರೆ, ಧರ್ಮ ಬೇರೆ ಆದರಂತೂ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂರುವುದಕ್ಕೂ ಯೋಚಿಸಬೇಕಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಪಾರ್ಕಿನಲ್ಲಿ ಕೂತರೆ ಗಾರ್ಡ್ ಸೀಟಿ ಊದುತ್ತಾನೆ, ಕೆಫೆಯಲ್ಲಿ ಕೂತರೆ ಯಾರೋ ವಿಡಿಯೊ ಮಾಡುತ್ತಾರೆ. ಉಳಿಯುವುದು ನಾಲ್ಕು ಗೋಡೆ ಮತ್ತು ಬಾಗಿಲು. ಮೂರನೇ ಭೇಟಿಗೇ ರೂಮಿಗೆ ಹೋದರು ಅಂತ ಬೈಯುವವರು, ಮೂವತ್ತು ಭೇಟಿ ಮಾಡುವುದಕ್ಕೆ ಜಾಗ ಎಲ್ಲಿ ಬಿಟ್ಟಿದ್ದಾರೆ?

ವಿಜಯನಗರಪಿಜಿಅಕ್ಕ:

ನಾನು ಹುಡುಗಿಯರ ಪಿಜಿ ನಡೆಸುತ್ತೇನೆ, ಒಂಬತ್ತು ವರ್ಷ ಆಯಿತು. ತೆಂಗಿನತೋಟ ನನ್ನ ಪಿಜಿಯವಳಲ್ಲ ಅಂದುಕೊಂಡಿದ್ದೇನೆ, ಆಗಿದ್ದರೂ ಪರವಾಗಿಲ್ಲ, ಬಾಡಿಗೆ ಐದನೇ ತಾರೀಕಿಗೆ ಕೊಡಮ್ಮ.

ಮೊದಲು ನಾನೂ 9:30ಕ್ಕೆ ಗೇಟಿಗೆ ಬೀಗ ಹಾಕುತ್ತಿದ್ದೆ. ಅಪ್ಪಅಮ್ಮಂದಿರಿಗೆ ಅದೇ ಬೇಕು, ಸೇರಿಸುವಾಗ ಊಟ ಹೇಗೆ ಅನ್ನುವ ಮೊದಲು ಗೇಟ್ ಎಷ್ಟೊತ್ತಿಗೆ ಅಂತ ಕೇಳುತ್ತಾರೆ. ಒಂದು ಮಳೆಗಾಲ ಒಬ್ಬಳು 9:50ಕ್ಕೆ ಫೋನ್ ಮಾಡಿದಳು, ಟ್ರಾಫಿಕ್ ಅಕ್ಕ ಅಂತ. ನಾನು ರೂಲ್ಸ್ ಅಂದರೆ ರೂಲ್ಸ್ ಅಂದೆ. ಬೆಳಿಗ್ಗೆ ಆರಕ್ಕೆ ಬಂದಳು, ಅದೇ ಬಟ್ಟೆ, ಕಣ್ಣು ಕೆಂಪು. ಎಲ್ಲಿದ್ದೆ ಅಂದರೆ ‘ಇನ್ನೆಲ್ಲಿಗೆ ಹೋಗಲಿ, ಅವನ ರೂಮಿಗೇ ವಾಪಸ್ ಹೋದೆ’ ಅಂದಳು. ಹೋಗುವುದಕ್ಕೆ ಇಷ್ಟ ಇರಲಿಲ್ಲವಂತೆ. ಅವಳನ್ನು ಅಲ್ಲಿಗೆ ಕಳಿಸಿದ್ದು ನನ್ನ ಬೀಗ.

ಈಗ ತಡ ಆದರೆ ಫೋನ್ ಮಾಡಬೇಕು, ಅಷ್ಟೇ. ವಾಚ್‌ಮನ್ ಬಾಗಿಲು ತೆಗೆಯುತ್ತಾನೆ. ಇಬ್ಬರು ಅಪ್ಪಂದಿರು ಮಕ್ಕಳನ್ನು ಬಿಡಿಸಿಕೊಂಡು ಹೋದರು, ಹೋಗಲಿ.

ತೆಂಗಿನತೋಟ:

ಅಕ್ಕ, ನಿಮ್ಮ ಪಿಜಿ ಅಲ್ಲ. ನಮ್ಮಲ್ಲಿ ಇನ್ನೂ ಬೀಗ. ನಾನು ಮೊದಲ ಸಲ ಅವನ ಮನೆಯಲ್ಲಿ ಉಳಿದಿದ್ದೂ ಹಾಗೇ, ಮೆಟ್ರೊ ಇಳಿದಾಗ ಹತ್ತು ದಾಟಿತ್ತು. ಅದನ್ನು ಆಮೇಲೆ ನಾನೇ ‘ಇಬ್ಬರೂ ಒಪ್ಪಿ’ ಅಂತ ಲೆಕ್ಕಕ್ಕೆ ಹಾಕಿಕೊಂಡೆ. ಅವನೇನೂ ಬಲವಂತ ಮಾಡಲಿಲ್ಲ. ಆದರೂ ಈಗ ಬರೆಯುವಾಗ ಏನೋ ಚುಚ್ಚುತ್ತಿದೆ.

ಉಣಕಲ್‌ಕೆರೆ:

ನಾನು ಹುಬ್ಬಳ್ಳಿಯವನ್ರೀ, ಹುಡುಗ, ನನಗೆ ಹುಡುಗರೇ ಇಷ್ಟ. ನಿಮಗೆ ಪಾರ್ಕಾದರೂ ಇದೆ. 2018ರ ಸೆಪ್ಟೆಂಬರ್ 6ಕ್ಕೆ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ನಾನು ಹತ್ತನೇ ಕ್ಲಾಸು, ಮನೆಯಲ್ಲಿ ಟಿವಿ ಸೌಂಡ್ ಕಡಿಮೆ ಮಾಡಿ ಒಬ್ಬನೇ ನೋಡಿದೆ. ಅಪರಾಧ ಅಲ್ಲ ಅಂತಾಯಿತು, ಸರಿ. ಆದರೆ ನಮ್ಮ ಆ್ಯಪ್‌ಗಳಲ್ಲಿ ಮುಖ ಇರುವುದಿಲ್ಲ, ಬರೀ ಅಂಗಿ ಗುಂಡಿ, ಗೋಡೆ, ಸೂರ್ಯಾಸ್ತ. ಪರಿಚಯ ಮಾಡಿಕೊಂಡು ಚಹಾ ಕುಡಿದು ಮಾತಾಡೋಣ ಅಂದರೆ ‘ಯಾರಾದರೂ ನೋಡಿದರೆ?’ ಅನ್ನುತ್ತಾರೆ. ಅದಕ್ಕೇ ಎಲ್ಲ ಒಂದು ರಾತ್ರಿಯಲ್ಲಿ ಮುಗಿದು ಹೋಗುತ್ತದೆ. ನನ್ನ ಫ್ರೆಂಡ್ ಒಬ್ಬನನ್ನು ಹಾಗೇ ಕರೆಸಿಕೊಂಡು, ವಿಡಿಯೊ ಮನೆಗೆ ಕಳಿಸುತ್ತೇವೆ ಅಂತ ಹೆದರಿಸಿ ಫೋನ್‌ಪೇಯಲ್ಲಿ ದುಡ್ಡು ಹಾಕಿಸಿಕೊಂಡರು. ಪೊಲೀಸ್ ಸ್ಟೇಷನ್‌ಗೆ ಹೋಗೋಣ ಅಂದೆ. ಬೇಡ, ಅಪ್ಪನಿಗೆ ಗೊತ್ತಾಗುತ್ತದೆ ಅಂದ.

ನನಗೆ ಯಾರಾದರೂ ನಾಲ್ಕು ತಿಂಗಳು ಶನಿವಾರ ಶನಿವಾರ ಗೇಟ್ ತನಕ ಬಿಟ್ಟಿದ್ದರೆ ಸಾಕಿತ್ತು ಅನ್ನಿಸಿತು ನಿಮ್ಮದು ಓದಿ. ನಿಮ್ಮ ನೋವು ಸಣ್ಣದು ಅಂತ ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಅಂತ ತಿಳಿಯಿರಿ.

ಮೈಸೂರ್‌ಟುಸ್ಯಾನ್‌ಹೋಸೆ:

ನಾನು ಕ್ಯಾಲಿಫೋರ್ನಿಯಾದಲ್ಲಿ ಎಂಎಸ್ ಮಾಡುತ್ತಿದ್ದೇನೆ. ಬರುವ ಮೊದಲು ನಾನೂ ಅಂದುಕೊಂಡಿದ್ದೆ, ಅಮೆರಿಕದವರೆಲ್ಲ ಇದರಲ್ಲಿ ಪಂಟರು ಅಂತ. ಟಿಂಡರ್ ಹುಟ್ಟಿದ್ದೇ 2012ರಲ್ಲಿ ಇಲ್ಲಿನ ಕಾಲೇಜು ಹುಡುಗರ ಪಾರ್ಟಿಗಳನ್ನು ನಂಬಿಕೊಂಡು. ಕಾಲೇಜಿಗೆ ಸೇರಿದ ಕೂಡಲೇ ಆನ್‌ಲೈನ್‌ನಲ್ಲಿ ಒಪ್ಪಿಗೆ ಬಗ್ಗೆ ಪಾಠ ಮುಗಿಸಬೇಕು. ಸುಮ್ಮನಿದ್ದರೆ ಒಪ್ಪಿಗೆ ಅಲ್ಲ, ಹೌದು ಅಂತ ತೋರಿಸಿದರೆ ಮಾತ್ರ ಒಪ್ಪಿಗೆ, ಕುಡಿದು ಮೈಮೇಲೆ ಎಚ್ಚರ ಇಲ್ಲದವರದ್ದು ಒಪ್ಪಿಗೆಯೇ ಅಲ್ಲ ಅಂತ ಇಲ್ಲಿ ಕಾಲೇಜುಗಳಿಗೆ 2014ರಲ್ಲೇ ಕಾನೂನು ಬಂತು. ಹೆಲ್ತ್ ಸೆಂಟರ್ ಬಾಗಿಲಲ್ಲೇ ಬುಟ್ಟಿಯಲ್ಲಿ ಕಾಂಡೋಮ್ ಇಟ್ಟಿರುತ್ತಾರೆ, ನಮ್ಮಲ್ಲಿ ದರ್ಶಿನಿಯಲ್ಲಿ ಸೋಂಪು ಇಡುವ ಹಾಗೆ.

ಇಷ್ಟೆಲ್ಲ ಇದ್ದೂ ನನ್ನ ಅಮೆರಿಕನ್ ರೂಮ್‌ಮೇಟ್ ಹೋದ ತಿಂಗಳು ರಾತ್ರಿ ಅಡುಗೆಮನೆಯಲ್ಲಿ ಕೂತು ಅತ್ತಳು. ಅದೇ ಪ್ರಶ್ನೆ. ‘ನಾವೇನು?’ ಅಂತ ಕೇಳಿದ್ದಕ್ಕೆ ಅವನು ಮೂರು ದಿನದಿಂದ ರಿಪ್ಲೈ ಮಾಡಿಲ್ಲ. ನಾನು ಅನ್ನ ಸಾರು ಹಾಕಿಕೊಟ್ಟೆ. ಖಾರಕ್ಕೆ ಇನ್ನೊಂದಿಷ್ಟು ಅತ್ತಳು.

ಹಳೇಕಾಲದವನು:

ಎರಡು ದಿನದಿಂದ ಓದುತ್ತಿದ್ದೇನೆ. ಎಲ್ಲ ಒಪ್ಪುವುದಕ್ಕೆ ನನ್ನಿಂದ ಆಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಮದುವೆಗೆ ಮುಂಚೆ ಇವೆಲ್ಲ ಬೇಡ ಅನ್ನುವುದೇ ನನ್ನ ಮಾತು. ಆದರೆ ನಿನ್ನೆ ಮಗಳು ಆಡಿಟರ್ ಆಫೀಸಿಂದ ಬರುವುದು ತಡ ಆಯಿತು, ಎಂದಿನ ಹಾಗೆ ಬಾಗಿಲಲ್ಲಿ ನಿಂತು ‘ಇಷ್ಟೊತ್ತು ಎಲ್ಲಿದ್ದೆ’ ಅನ್ನುವುದಕ್ಕೆ ಬಾಯಿ ಬಂತು. ಪಿಜಿ ಅಕ್ಕನ ಬೀಗ ನೆನಪಾಗಿ ‘ಊಟ ಆಯ್ತಾ’ ಅಂದೆ. ಅವಳು ಅನುಮಾನದಿಂದ ನೋಡಿದಳು.

ಡಬಲ್‌ರೋಡ್:

ಅಂಕಲ್ 🙏

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆಲ್ಮೆಟ್ ಎಲ್ಲಿದೆ?

ತೆಂಗಿನತೋಟ:

ನಗಬೇಡಿ. ನನ್ನ ಹತ್ತಿರವೇ ಇದೆ. ಕೊನೇ ಸಲ ಅವನು ಬಿಟ್ಟಾಗ 9:28, ಹಾಕಿಕೊಂಡೇ ಗೇಟಿಗೆ ಓಡಿದ್ದೆ. ಬೀರುವಿನ ಮೇಲಿಟ್ಟಿದ್ದೇನೆ, ರೂಮ್‌ಮೇಟ್ ಅದರೊಳಗೆ ಈರುಳ್ಳಿ ಇಡುತ್ತಿದ್ದಾಳೆ. ನಿನ್ನೆ ಮೆಸೇಜ್ ಮಾಡಿದ್ದ, ‘ಹೆಲ್ಮೆಟ್ ನಿನ್ನ ಹತ್ತಿರ ಇದೆಯಾ, ಬೇಕಿತ್ತು’ ಅಂತ. ಪಟ್ಟಿ ಇನ್ನೂ ನನ್ನ ಅಳತೆಗೇ ಇದೆ.

ಎರಡನೇಕಾಫಿ:

ಕೊಟ್ಟುಬಿಡಿ. ಕೊಡುವಾಗ ‘ಅವರಿಬ್ಬರಿಗೂ ಗೊತ್ತಾ’ ಅಂತ ಒಂದು ಮಾತು ಕೇಳಿ. ನನ್ನನ್ನು ಒಬ್ಬಳು ಹಾಗೇ ಕೇಳಿದ್ದಳು, ಉತ್ತರ ಇರಲಿಲ್ಲ.

ಡಬಲ್‌ರೋಡ್:

ಈರುಳ್ಳಿ ಸಮೇತ ಕೊಡಿ.

ತೆಂಗಿನತೋಟ:

ಟೆಸ್ಟ್ ಮಾಡಿಸಿದೆ, ಎಲ್ಲ ಸರಿ ಇದೆ. ಒಂದು ಟೆಸ್ಟ್ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಲು ಹೇಳಿದ್ದಾರೆ. ಥ್ಯಾಂಕ್ಸ್ ಡಾಕ್ಟ್ರೇ.

ಹೆಲ್ಮೆಟ್ ಕೊಟ್ಟೆ, ಗೇಟ್ ಹತ್ತಿರವೇ. ಕೇಳಿದೆ, ಅವರಿಬ್ಬರಿಗೂ ಗೊತ್ತಾ ಅಂತ. ಬೈಕಿನ ಕನ್ನಡಿ ಒರೆಸಿದ. ‘ಹೇಳಬೇಕು’ ಅಂದ. ಹೆಲ್ಮೆಟ್ ಮೂಸಿ ನೋಡಿದ, ಈರುಳ್ಳಿ ವಾಸನೆಗೆ ಮುಖ ಕಿವುಚಿದ, ಏನೂ ಕೇಳಲಿಲ್ಲ. ಹೊರಡುವಾಗ ಅಭ್ಯಾಸಬಲಕ್ಕೆ ‘ಮನೆಗೆ ಹೋಗಿ ಮೆಸೇಜ್ ಮಾಡುತ್ತೇನೆ’ ಅಂದ.

ಡಬಲ್‌ರೋಡ್:

ಮಾಡಿದನಾ?

ತೆಂಗಿನತೋಟ:

ಮಾಡಿದ. ‘ರೀಚ್ಡ್ ಕಣೇ, ಊಟ ಮಾಡು’ ಅಂತ. ಎರಡು ನಿಮಿಷಕ್ಕೆ ಡಿಲೀಟ್ ಆಯಿತು. ಯಾರಿಗೆ ಹೋಗಬೇಕಿತ್ತೋ.